ಡೀಸೆಲ್ ತೆರಿಗೆ: ಹೊರೆ ಯಾರ ಬೆನ್ನಿಗೆ?

ಡೀಸೆಲ್ಲಿನ ತೆರಿಗೆ ಏರಿದಾಗಲೆಲ್ಲ ಅದು ಲಾರಿ ಮಾಲಿಕರ ತಲೆನೋವು, ನಮಗೇನು ಎಂದು ಸುಮ್ಮನಿರುವ ಅಭ್ಯಾಸ ನಮ್ಮಲ್ಲಿ ಬೆಳೆದು ಬಂದಿದೆ. ಗಿರಣಿಯ ಕಾರ್ಮಿಕನಿಗೆ ಲಾರಿ ಇಲ್ಲ. ಚೌಕಿಪೇಟೆಯ ಚಿಲ್ಲರೆ ವ್ಯಾಪಾರಿಗೂ ಇಲ್ಲ. ಬಂಕಿನ ಬೋರ್ಡಿನ ಮೇಲೆ ಅಂಕಿ ಬದಲಾದರೆ ಇಬ್ಬರೂ ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಈ ಔದಾಸೀನ್ಯವೇ ಆಳುವವರಿಗೆ ಬೇಕಾದದ್ದು. ಕಣ್ಣಿಗೆ ಕಾಣುವ ತೆರಿಗೆಗೆ ಜನ ಬೀದಿಗಿಳಿಯುತ್ತಾರೆ. ಟ್ಯಾಂಕಿನೊಳಗೆ ಸುರಿಯುವ ತೆರಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ರಾಜ್ಯ ಸರಕಾರವು 2024ರ ಜೂನ್ 15ರಂದು ಡೀಸೆಲ್ಲಿನ ಮಾರಾಟ ತೆರಿಗೆಯನ್ನು ಶೇಕಡಾ 14.34ರಿಂದ 18.44ಕ್ಕೆ ಏರಿಸಿತು. ಹತ್ತು ತಿಂಗಳು ತುಂಬುವ ಮೊದಲೇ, 2025ರ ಏಪ್ರಿಲ್ 1ರಂದು, ಮತ್ತೆ 21.17ಕ್ಕೆ ಏರಿಸಿತು. ಎರಡೂ ಸೇರಿ ಲೀಟರಿಗೆ ಸುಮಾರು 5 ರೂಪಾಯಿ. ಅದೇ ಏಪ್ರಿಲ್ 8ರಿಂದ ಕೇಂದ್ರ ಸರಕಾರವೂ ತನ್ನ ಅಬಕಾರಿ ಸುಂಕವನ್ನು ಲೀಟರಿಗೆ 2 ರೂಪಾಯಿ ಹೆಚ್ಚಿಸಿಕೊಂಡಿತು. ಚಿಲ್ಲರೆ ಬೆಲೆ ಏರುವುದಿಲ್ಲ, ಎಣ್ಣೆ ಕಂಪೆನಿಗಳೇ ಭರಿಸುತ್ತವೆ ಎಂದು ಆಗ ಸಮಾಧಾನ ಹೇಳಲಾಯಿತು. ಅಂದರೆ ಜಗತ್ತಿನ ಪೇಟೆಯಲ್ಲಿ ಕಚ್ಚಾ ಎಣ್ಣೆ ಅಗ್ಗವಾದಾಗ ನಮಗೆ ಸಿಗಬೇಕಾಗಿದ್ದ ಇಳಿಕೆಯನ್ನು ದಾರಿಯಲ್ಲೇ ತಡೆದು ಬೊಕ್ಕಸಕ್ಕೆ ಸೇರಿಸಲಾಯಿತು ಎಂದೇ ಅರ್ಥ.

ಈ ಹೊರೆ ಕೊನೆಗೆ ಯಾರ ಬೆನ್ನಿಗೆ ಬೀಳುತ್ತದೆ ಎಂಬುದೇ ಇಂದು ನಮ್ಮ ಮುಂದಿರುವ ಪ್ರಶ್ನೆ.

ಮಾಲಿಕನೆಂಬ ಕೂಲಿಕಾರ

ದಾವಣಗೆರೆ ಸಾಗಾಟದಿಂದ ಬದುಕುವ ಊರು. ಪುಣೆ–ಬೆಂಗಳೂರು ಹೆದ್ದಾರಿ ಇದರ ಪಕ್ಕದಲ್ಲೇ ಹಾದುಹೋಗಿದೆ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಸಾರಥಿಯಂಥ ಹಳ್ಳಿಗಳಿಂದ ಅಕ್ಕಿ ಗಿರಣಿಗಳಿಗೆ ಬರಬೇಕು. ಮೆಕ್ಕೆಜೋಳ ಮಾರುಕಟ್ಟೆ ಪ್ರಾಂಗಣಕ್ಕೆ ಬಂದು ಅಲ್ಲಿಂದ ಕೋಳಿ ಮೇವಿನ ಕಾರ್ಖಾನೆಗಳಿಗೆ ಹೋಗಬೇಕು. ಭಟ್ಟಿಗಳ ಮಂಡಕ್ಕಿ ನಾಡಿನ ಮೂಲೆಮೂಲೆಗೆ ತಲುಪಬೇಕು. ಹತ್ತಿ ಗಿರಣಿಗಳ ಸದ್ದು ಅಡಗಿದ ಮೇಲೆ, ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿದ ಮೇಲೆ, ಈ ಎರಡು ಊರುಗಳ ಅನ್ನದಲ್ಲಿ ಲಾರಿಯ ಪಾಲು ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ.

ಈ ಲಾರಿಗಳಲ್ಲಿ ಒಂದು ಬಗೆಯಿದೆ. 1988ರ ಮೋಟಾರು ವಾಹನ ಕಾನೂನಿನ ಪ್ರಕಾರ ಸರಕು ಸೇರಿ ಒಟ್ಟು ತೂಕ 7,500 ಕಿಲೋ ಮೀರದ ಗಾಡಿ ಹಗುರ ವಾಹನ. 12,000 ಕಿಲೋ ಮೀರಿದ್ದು ಭಾರಿ ವಾಹನ. ಇವೆರಡರ ನಡುವಿನದು ಮಧ್ಯಮ ಸರಕು ವಾಹನ. ಆರೇಳು ಟನ್ನು ಹೇರಿಕೊಂಡು ಹೋಗುವ ಈ ಗಾಡಿಗಳನ್ನು ನೂರಾರು ಲಾರಿಗಳ ಒಡೆಯರೂ ಇಟ್ಟಿದ್ದಾರೆ. ಒಂದೇ ಒಂದನ್ನು ಸಾಲಕ್ಕೆ ಕೊಂಡು ತಾನೇ ಸ್ಟಿಯರಿಂಗ್ ಹಿಡಿದವರೂ ಬಹಳ ಮಂದಿ ಇದ್ದಾರೆ. ನಾವು ಇಲ್ಲಿ ಹೇಳುತ್ತಿರುವುದು ಈ ಎರಡನೆಯವರ ಮಾತು.

ಇವನನ್ನು ಮಾಲಿಕ ಎನ್ನುತ್ತಾರೆ. ಆರ್.ಸಿ. ಪುಸ್ತಕದಲ್ಲಿ ಹೆಸರು ಇವನದೇ. ಆದರೆ ಅದೇ ಪುಸ್ತಕದಲ್ಲಿ ಸಾಲ ಕೊಟ್ಟ ಫೈನಾನ್ಸಿನವರ ಹೆಸರೂ ಇದೆ. ಎರಡು ಕಂತು ತಪ್ಪಿದರೆ ನಿಜವಾದ ಮಾಲಿಕ ಯಾರೆಂಬುದು ಗೊತ್ತಾಗುತ್ತದೆ. ರಾತ್ರಿಯಿಡೀ ಗಾಡಿ ಓಡಿಸುವವನು ಇವನೇ, ಟಯರು ಬಿಚ್ಚುವವನು ಇವನೇ, ಬುಕಿಂಗ್ ಆಫೀಸಿನ ಮುಂದೆ ಲೋಡಿಗಾಗಿ ಕಾಯುವವನೂ ಇವನೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾನೂನು ದುಡಿಮೆಯ ವೇಳೆಗೂ ವಿಶ್ರಾಂತಿಗೂ ಮಿತಿ ಹಾಕಿದಾಗ ಐದು ಮಂದಿ ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅದನ್ನು ಅನ್ವಯಿಸಿತು. ಒಂಟಿ ಲಾರಿಯವನು ಅಂದೇ ಹೊರಗುಳಿದ. ಬಂಡವಾಳಗಾರನ ಪಂಕ್ತಿಯಲ್ಲಿ ಇವನಿಗೆ ಎಲೆಯಿಲ್ಲ, ಕಾರ್ಮಿಕನ ಪಂಕ್ತಿಯಲ್ಲೂ ಇಲ್ಲ. ತೆರಿಗೆ ಕೊಡುವ ಸಾಲಿನಲ್ಲಿ ಮಾತ್ರ ಮೊದಲ ಜಾಗ!

ಒಂದು ಟ್ರಿಪ್ಪಿನ ಲೆಕ್ಕ

1963ರಲ್ಲಿ ಲೋಕಸಭೆಯಲ್ಲಿ ಡಾ. ಲೋಹಿಯಾ ಅವರು ಬಡವನ ದಿನದ ಆದಾಯ ಮೂರಾಣೆ ಎಂದು ಹೇಳಿ ಸರಕಾರದ ಹದಿನೈದಾಣೆಯ ಲೆಕ್ಕವನ್ನು ಪ್ರಶ್ನಿಸಿದ್ದು ನಮ್ಮ ಓದುಗರಿಗೆ ನೆನಪಿರಬಹುದು. ಲೆಕ್ಕವನ್ನು ಮೇಲಿನಿಂದ ಹಾಕಬಾರದು, ಕೆಳಗಿನಿಂದ ಹಾಕಬೇಕು ಎಂಬುದು ಆ ಚರ್ಚೆ ಕಲಿಸಿದ ಪಾಠ. ನಾವೂ ಹಾಗೆಯೇ ಮಾಡೋಣ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರು. ಹೋಗಿ ಬರಲು 520. ಲೋಡು ತುಂಬಿದ ಗಾಡಿ ಲೀಟರಿಗೆ 6 ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಂಡರೆ 87 ಲೀಟರು ಡೀಸೆಲ್ ಬೇಕು. 2025ರ ಏಪ್ರಿಲ್ಲಿನಲ್ಲಿ ಬೆಂಗಳೂರಿನ ಬೆಲೆ ಲೀಟರಿಗೆ ಸುಮಾರು 91 ರೂಪಾಯಿ. ಅದರಲ್ಲಿ ಕೇಂದ್ರದ ಸುಂಕ ಮತ್ತು ಸೆಸ್ಸುಗಳು 17 ರೂಪಾಯಿ 80 ಪೈಸೆ. ರಾಜ್ಯದ ಮಾರಾಟ ತೆರಿಗೆ 16 ರೂಪಾಯಿಗೆ ಹತ್ತಿರ. ಈ ರಾಜ್ಯ ತೆರಿಗೆಯನ್ನು ಲೆಕ್ಕ ಹಾಕುವುದು ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ ಎಂಬುದನ್ನು ಗಮನಿಸಬೇಕು. ತೆರಿಗೆಯ ಮೇಲೆ ತೆರಿಗೆ. ಎರಡೂ ಸೇರಿದರೆ ಲೀಟರಿಗೆ 33 ರೂಪಾಯಿಗೂ ಮಿಕ್ಕಿ. ಬೆಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಒಂದು ಟ್ರಿಪ್ಪಿಗೆ ಸುಮಾರು 2,900 ರೂಪಾಯಿ ತೆರಿಗೆಯಾಯಿತು. ಇದರಲ್ಲಿ ರಾಜ್ಯ ಸರಕಾರದ ಎರಡು ಏರಿಕೆಗಳ ಪಾಲು, ಲೀಟರಿಗೆ 5 ರೂಪಾಯಿಯಂತೆ, 435 ರೂಪಾಯಿ.

ಈ 435 ರೂಪಾಯಿಯನ್ನು ಏಳು ಟನ್ನು ಅಕ್ಕಿಯ ಮೇಲೆ ಹಂಚಿದರೆ ಕಿಲೋಗೆ ಆರು ಪೈಸೆ. ಯಾವ ಸಂಸಾರವೂ ಆರು ಪೈಸೆಗೆ ಮುಳುಗುವುದಿಲ್ಲ. ಸರಕಾರದ ವಾದವೂ ಇದೇ: ಇಷ್ಟು ಸಣ್ಣ ಹೊರೆ, ಎಲ್ಲರೂ ಹಂಚಿಕೊಳ್ಳುತ್ತಾರೆ ಎಂದು. ಆದರೆ ಹಂಚುವವರು ಯಾರು? ನೂರು ಲಾರಿಗಳ ಕಂಪೆನಿ ದೊಡ್ಡ ಕಾರ್ಖಾನೆಯೊಡನೆ ವರ್ಷದ ಕರಾರು ಮಾಡಿಕೊಳ್ಳುವಾಗ ಡೀಸೆಲ್ ಬೆಲೆ ಏರಿದರೆ ಬಾಡಿಗೆಯೂ ಏರಬೇಕೆಂದು ಬರೆಸಿಕೊಳ್ಳಬಲ್ಲದು. ಒಂಟಿ ಲಾರಿಯವನ ಬಳಿ ಕರಾರು ಪತ್ರವಿಲ್ಲ, ಬ್ರೋಕರಿನ ಬಾಯಿಮಾತು ಮಾತ್ರ ಇದೆ. ಇವನು ಐನೂರು ಹೆಚ್ಚು ಕೇಳಿದರೆ ಹಿಂದೆ ನಿಂತವನು ಹಳೆಯ ದರಕ್ಕೇ ಒಪ್ಪುತ್ತಾನೆ. ಏಕೆಂದರೆ ಅವನಿಗೂ ಹತ್ತನೇ ತಾರೀಖಿಗೆ ಕಂತು ಕಟ್ಟುವುದಿದೆ. ಹೀಗೆ ಏಳು ಸಾವಿರ ಕಿಲೋಗಳ ಮೇಲೆ ಹರಡಬೇಕಾದ ಹೊರೆ ಒಬ್ಬನ ತಲೆಯ ಮೇಲೆ ಕೂರುತ್ತದೆ. ತಿಂಗಳಿಗೆ ಎಂಟು ಟ್ರಿಪ್ಪು ಎಂದರೆ 3,480 ರೂಪಾಯಿ, ವರ್ಷಕ್ಕೆ 41,760. ಇದು ಡೀಸೆಲ್ಲಿನ ಪೂರ್ತಿ ತೆರಿಗೆಯಲ್ಲ, ಹತ್ತು ತಿಂಗಳೊಳಗಿನ ಎರಡು ಏರಿಕೆಯದು ಮಾತ್ರ. ಮಗಳ ಕಾಲೇಜು ಫೀಸು, ಎಫ್.ಸಿ.ಯ ಖರ್ಚು, ಎರಡು ಹೊಸ ಟಯರು, ಇವುಗಳಲ್ಲಿ ಯಾವುದನ್ನು ಬಿಡಬೇಕು ಎಂಬ ಲೆಕ್ಕ ಇದು.

ಎಲ್ಲರೂ ಹಂಚಿಕೊಂಡರೆ ಪೈಸೆ. ಒಬ್ಬನೇ ಹೊತ್ತರೆ ಸಂಸಾರವೇ ಮುಳುಗುತ್ತದೆ. ಡೀಸೆಲ್ ತೆರಿಗೆಯ ಅನ್ಯಾಯವೆಲ್ಲ ಈ ಒಂದು ಮಾತಿನಲ್ಲಿದೆ.

ಹೊರೆ ಮಿತಿ ಮೀರಿದ ದಿನ ಅದು ಉಳಿದವರ ಮೇಲೂ ಉರುಳುತ್ತದೆ. ನಷ್ಟ ತಾಳಲಾರದೆ ಸಣ್ಣವರು ಗಾಡಿ ಮಾರಿಕೊಂಡರೆ ದಾರಿ ದೊಡ್ಡ ಕಂಪೆನಿಗಳ ಕೈಗೆ ಹೋಗುತ್ತದೆ. ಆಗ ಬಾಡಿಗೆ ನಿಗದಿ ಮಾಡುವವರು ಅವರೇ. ಮಂಡಕ್ಕಿ ವ್ಯಾಪಾರಿಗಳು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಮಂಡಕ್ಕಿಗೆ ತೂಕವಿಲ್ಲ, ಜಾಗ ಬೇಕು. ಗಾಡಿ ತುಂಬಿದರೂ ತೂಕ ಏರುವುದಿಲ್ಲ, ಬಾಡಿಗೆ ಮಾತ್ರ ಇಡೀ ಗಾಡಿಯದು. ಅಗ್ಗದ ಸರಕಿನ ಮೇಲೆ ಸಾಗಾಟದ ಭಾರ ಹೆಚ್ಚು. ಬಡವನ ತಿಂಡಿಗೆ ಡೀಸೆಲ್ ತೆರಿಗೆ ತಟ್ಟುವಷ್ಟು ಶ್ರೀಮಂತನ ಚಿನ್ನಕ್ಕೆ ತಟ್ಟುವುದಿಲ್ಲ.

ದಿಲ್ಲಿಯ ಕೈಚಳಕ

ಮೊದಲ ಆರೋಪಿ ಕೇಂದ್ರ ಸರಕಾರ. 2014ರ ಆರಂಭದಲ್ಲಿ ಡೀಸೆಲ್ ಮೇಲಿನ ಕೇಂದ್ರ ಸುಂಕ ಲೀಟರಿಗೆ 3 ರೂಪಾಯಿ 56 ಪೈಸೆ ಇತ್ತು. ಆ ವರ್ಷದ ಅಕ್ಟೋಬರಿನಲ್ಲಿ ಬೆಲೆಯ ಮೇಲಿನ ಹತೋಟಿ ತೆಗೆದರು. ಇನ್ನು ಪೇಟೆಯ ಧಾರಣೆಯೇ ಬೆಲೆ ಎಂದರು. ಪೇಟೆಯಲ್ಲಿ ಎಣ್ಣೆ ಇಳಿಯತೊಡಗಿತು. ಬೆನ್ನಿಗೇ 2014ರ ನವೆಂಬರಿನಿಂದ 2016ರ ಜನವರಿಯೊಳಗೆ ಒಂಬತ್ತು ಸಲ ಸುಂಕ ಏರಿತು. 2020ರ ಮೇ ತಿಂಗಳಲ್ಲಿ, ಕೊರೋನಾ ಬಂದು ಗಾಡಿಗಳೆಲ್ಲ ನಿಂತ ಕಾಲದಲ್ಲಿ, ಒಂದೇ ರಾತ್ರಿ ಲೀಟರಿಗೆ 13 ರೂಪಾಯಿ ಹೇರಿ ಅದನ್ನು 31 ರೂಪಾಯಿ 83 ಪೈಸೆಗೆ ಮುಟ್ಟಿಸಿದರು. ಆಮೇಲೆ 2021ರ ನವೆಂಬರಿನಲ್ಲಿ 10, 2022ರ ಮೇ ತಿಂಗಳಲ್ಲಿ 6 ರೂಪಾಯಿ ಇಳಿಸಿ ಉಪಕಾರ ಮಾಡಿದವರಂತೆ ಹೇಳಿಕೊಂಡರು. ಬೆಲೆ ಏರಿದರೆ ಪೇಟೆಯ ನಿಯಮ, ಇಳಿದರೆ ಬೊಕ್ಕಸದ ನಿಯಮ!

ಇನ್ನೂ ಸೂಕ್ಷ್ಮವಾದ ಕೈಚಳಕ ಬೇರೆಯಿದೆ. 2025ರ ಏಪ್ರಿಲ್ಲಿನ 17 ರೂಪಾಯಿ 80 ಪೈಸೆಯನ್ನು ಬಿಡಿಸಿ ನೋಡಿದರೆ ಮೂಲ ಅಬಕಾರಿ ಸುಂಕ 1 ರೂಪಾಯಿ 80 ಪೈಸೆ ಮಾತ್ರ. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ 10 ರೂಪಾಯಿ, ಕೃಷಿ ಮೂಲಸೌಕರ್ಯದ ಸೆಸ್ಸು 4 ರೂಪಾಯಿ, ರಸ್ತೆ ಮತ್ತು ಮೂಲಸೌಕರ್ಯದ ಸೆಸ್ಸು 2 ರೂಪಾಯಿ. ರಾಜ್ಯಗಳಿಗೆ ಪಾಲು ಸಿಗುವುದು ಮೂಲ ಸುಂಕದಲ್ಲಿ ಮಾತ್ರ. ಮಿಕ್ಕ 16 ರೂಪಾಯಿಯೂ ದಿಲ್ಲಿಗೆ. ರೈತನ ಮೆಕ್ಕೆಜೋಳ ಹೊತ್ತ ಲಾರಿಯವನು ರೈತನ ಹೆಸರಿನ ಸೆಸ್ಸು ಕೊಡುತ್ತಾನೆ. ರಸ್ತೆಯ ಹೆಸರಿನ ಸೆಸ್ಸು ಕೊಟ್ಟವನು ಅದೇ ರಸ್ತೆಯಲ್ಲಿ ಹೆಬ್ಬಾಳು ಟೋಲಿನಲ್ಲಿಯೂ ಚಳಗೇರಿ ಟೋಲಿನಲ್ಲಿಯೂ ಮತ್ತೆ ದುಡ್ಡು ಕಟ್ಟುತ್ತಾನೆ. ಒಂದೇ ದಾರಿಗೆ ಎಷ್ಟು ಸಲ ಬೆಲೆ?

ಇದೇ ಸರಕಾರ 2015ರ ಮುಂಗಡಪತ್ರದಲ್ಲಿ ಸಂಪತ್ತಿನ ತೆರಿಗೆಯನ್ನು ರದ್ದು ಮಾಡಿತು. 2019ರ ಸೆಪ್ಟೆಂಬರಿನಲ್ಲಿ ಕಂಪೆನಿಗಳ ಆದಾಯ ತೆರಿಗೆಯನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿತು. ಅದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ರೂಪಾಯಿ ಖೋತಾ ಎಂದು ತಾನೇ ಅಂದಾಜು ಹೇಳಿತು. ಮೇಲಿನವರಿಗೆ ಬಿಟ್ಟದ್ದನ್ನು ಕೆಳಗಿನವರ ಟ್ಯಾಂಕಿನಿಂದ ಹೀರಿಕೊಳ್ಳುವುದೇ ಇವರ ಅರ್ಥಶಾಸ್ತ್ರ.

ರಾಜ್ಯದ ಸಮಜಾಯಿಷಿ

ರಾಜ್ಯ ಸರಕಾರದ ಮಾತನ್ನೂ ನ್ಯಾಯವಾಗಿ ಕೇಳೋಣ. 2021ರ ನವೆಂಬರಿಗೆ ಮೊದಲು ರಾಜ್ಯದ ಡೀಸೆಲ್ ತೆರಿಗೆ ಶೇಕಡಾ 24 ಇತ್ತು, ಆಗಿನದಕ್ಕಿಂತ 21.17 ಕಡಿಮೆಯೇ ಎಂದು ಅದು ಹೇಳುತ್ತದೆ. ಇದು ನಿಜ. ಹದಿನೈದನೆಯ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು ಶೇಕಡಾ 4.713ರಿಂದ 3.647ಕ್ಕೆ ಇಳಿಸಿತು, ಬರಬೇಕಾದ್ದು ಬರುತ್ತಿಲ್ಲ ಎನ್ನುತ್ತದೆ. ಇದೂ ನಿಜ. ದಿಲ್ಲಿಯ ಈ ಅನ್ಯಾಯದ ವಿರುದ್ಧ ನಾವು ರಾಜ್ಯದ ಜೊತೆಗೇ ನಿಲ್ಲುತ್ತೇವೆ.

ಆದರೆ ದಿಲ್ಲಿ ಬೆಂಗಳೂರಿಗೆ ಮಾಡಿದ್ದನ್ನು ಬೆಂಗಳೂರು ಒಂಟಿ ಲಾರಿಯವನಿಗೆ ಮಾಡುವುದು ಯಾವ ನ್ಯಾಯ? 2023ರಿಂದ ಬಂದ ಗ್ಯಾರಂಟಿ ಯೋಜನೆಗಳನ್ನು ನಾವು ವಿರೋಧಿಸುವವರಲ್ಲ. ಗಿರಣಿಯ ಹೆಣ್ಣುಮಗಳು ಟಿಕೀಟಿಲ್ಲದೆ ಬಸ್ಸು ಹತ್ತಿದ್ದೂ, ಮನೆಯೊಡತಿಯ ಕೈಗೆ ಎರಡು ಸಾವಿರ ಸೇರಿದ್ದೂ ದಾನವಲ್ಲ, ಹಕ್ಕು. ಆ ಹಕ್ಕಿನ ವೆಚ್ಚವನ್ನು ಯಾರಿಂದ ತರಬೇಕು ಎಂಬಲ್ಲಿ ಮಾತ್ರ ನಮ್ಮ ತಕರಾರು. ಲಾರಿಯವನ ಹೆಂಡತಿಗೆ ಬಲಗೈಯಿಂದ ಎರಡು ಸಾವಿರ ಕೊಟ್ಟು, ಅವನ ಟ್ಯಾಂಕಿನಿಂದ ಎಡಗೈಯಿಂದ ಮೂರೂವರೆ ಸಾವಿರ ತೆಗೆದರೆ ಅದನ್ನು ಸಮಾಜವಾದ ಎನ್ನಲಾಗದು.

ಜಿ.ಎಸ್.ಟಿ.ಗೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಂತ್ರ ಪೇಟೆಯಲ್ಲಿ ಆಗಾಗ ಕೇಳಿಬರುತ್ತದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಡೀಸೆಲ್ಲನ್ನು ಹೊರಗಿಟ್ಟರು. ನಮ್ಮ ರಾಜ್ಯದಲ್ಲಿ ಅದರ ಮೇಲೆ ನಡೆದದ್ದು 1957ರ ಮಾರಾಟ ತೆರಿಗೆ ಕಾನೂನಿನದೇ ಆಡಳಿತ. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ಇದಕ್ಕೆ ಕಾಲ ಕೂಡಿಬಂದಿಲ್ಲ ಎಂದು ಕೈತೊಳೆದುಕೊಂಡಿತು. ಸೇರಿಸಿದರೂ ಕೊಂಡ ಸರಕಿನ ತೆರಿಗೆಯನ್ನು ಲೆಕ್ಕದಲ್ಲಿ ಹಿಂದೆ ಪಡೆಯುವ ಸೌಲಭ್ಯ ಸಿಗುವುದು ನೋಂದಾಯಿತ ಕಂಪೆನಿಗಳಿಗೆ. ನೋಂದಣಿಯಿಲ್ಲದ ಒಂಟಿ ಲಾರಿಯವನಿಗಲ್ಲ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿ ಮತ್ತು ಟಯರಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದದ್ದು ಒಳ್ಳೆಯದೇ. ಆದರೆ ಹಳೆಯ ಗಾಡಿಯ ಕಂತು ಕಟ್ಟುವವನಿಗೆ ಹೊಸ ಗಾಡಿಯ ಬೆಲೆ ಇಳಿದರೇನು? ಅವನ ಖರ್ಚಿನ ಬಹುಪಾಲು ಡೀಸೆಲ್ಲು. ಆದ್ದರಿಂದ ಜಿ.ಎಸ್.ಟಿ. ಬರುವ ತನಕ ಕಾಯಿರಿ ಎಂಬ ಉಪದೇಶವನ್ನು ನಾವು ಒಪ್ಪುವುದಿಲ್ಲ.

ದಾರಿ ಇಲ್ಲದಿಲ್ಲ

ಒಬ್ಬೊಬ್ಬರಿಗೆ ಒಂದೊಂದು ತೆರಿಗೆ ಮಾಡಲು ಸಾಧ್ಯವೇ ಎಂದು ಅಧಿಕಾರಿಗಳು ಕೇಳಬಹುದು. ಅವರೇ ಮಾಡಿದ್ದಾರೆ. ನಮ್ಮ ಕರಾವಳಿಯ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೆ ರಾಜ್ಯ ಸರಕಾರ ಮಾರಾಟ ತೆರಿಗೆಯಿಲ್ಲದ ಡೀಸೆಲ್ ಕೊಡುತ್ತ ಬಂದಿದೆ. ಅದು ಸರಿಯಾದ ಕೆಲಸ. 2022ರ ಮುಂಗಡಪತ್ರದ ರೈತ ಶಕ್ತಿ ಯೋಜನೆಯಲ್ಲಿ ಎಕರೆಗೆ 250 ರೂಪಾಯಿಯಂತೆ ಐದು ಎಕರೆಯವರೆಗೆ ಡೀಸೆಲ್ ಸಹಾಯಧನವನ್ನು ರೈತನ ಬ್ಯಾಂಕು ಖಾತೆಗೆ ಹಾಕುವ ಕ್ರಮ ಬಂತು. ದೊಡ್ಡವರ ಸಂಗತಿಯನ್ನಂತೂ ಕೇಳುವುದೇ ಬೇಡ: ಹೊರರಾಜ್ಯದಿಂದ 'ಸಿ' ಫಾರಂ ಮೇಲೆ ಶೇಕಡಾ 2ರ ತೆರಿಗೆಗೆ ಡೀಸೆಲ್ ತರಿಸಿಕೊಳ್ಳುವ ಅನುಕೂಲ 2021ರಲ್ಲಿ ಕಾನೂನು ತಿದ್ದುವ ತನಕ ಭಾರಿ ಕೈಗಾರಿಕೆಗಳಿಗೆ ಇತ್ತು. ಹೊರದೇಶಗಳಲ್ಲೂ ಉದಾಹರಣೆಗಳಿವೆ. ಫ್ರಾನ್ಸಿನಲ್ಲಿ ಏಳೂವರೆ ಟನ್ನಿನಿಂದ ಮೇಲಿನ ಸರಕು ಲಾರಿಗಳಿಗೆ ಡೀಸೆಲ್ ಸುಂಕದ ಒಂದು ಪಾಲನ್ನು ಹಿಂದಿರುಗಿಸುವ ಪದ್ಧತಿಯಿದೆ. ನಮ್ಮ ಮಧ್ಯಮ ಲಾರಿಯ ವರ್ಗ ಆರಂಭವಾಗುವುದೂ ಸರಿಯಾಗಿ ಅದೇ ಏಳೂವರೆ ಟನ್ನಿನಲ್ಲಿ! ಕಡಲಿನ ದೋಣಿಗೆ, ಹೊಲದ ಟ್ರ್ಯಾಕ್ಟರಿಗೆ, ಫ್ರಾನ್ಸಿನ ಲಾರಿಗೆ ಆದದ್ದು ಹರಿಹರದ ಲಾರಿಗೆ ಏಕಾಗದು?

ನಮ್ಮ ಬೇಡಿಕೆಗಳು ಇವು. ಮೊದಲನೆಯದು: ಒಟ್ಟು ತೂಕ 12,000 ಕಿಲೋ ಮೀರದ ಒಂದೇ ಸರಕು ಗಾಡಿಯುಳ್ಳ, ಅದನ್ನು ತಾನೇ ಓಡಿಸುವ ಮಾಲಿಕನಿಗೆ ತಿಂಗಳಿಗೆ 700 ಲೀಟರಿನ ಮಿತಿಯಲ್ಲಿ ರಾಜ್ಯ ತೆರಿಗೆಯ ಲೀಟರಿಗೆ 5 ರೂಪಾಯಿಯನ್ನು ಬ್ಯಾಂಕು ಖಾತೆಗೆ ಹಿಂದಿರುಗಿಸಬೇಕು. ಆರ್.ಸಿ. ಯಾರ ಹೆಸರಿನಲ್ಲಿದೆ, ಲೈಸೆನ್ಸು ಯಾರದು ಎಂಬುದು ಸಾರಿಗೆ ಇಲಾಖೆಯ ಕಡತದಲ್ಲೇ ಇದೆ. ಗಾಡಿ ಎಲ್ಲಿ ಓಡಿತೆಂಬುದು ಫಾಸ್ಟ್ಯಾಗಿನಲ್ಲಿದೆ. ತೆರಿಗೆ ಕೀಳಲು ನೆರವಾಗುವ ಈ ಲೆಕ್ಕಗಳು ತೆರಿಗೆ ಹಿಂದಿರುಗಿಸಲೂ ಸಾಕು. ಎರಡನೆಯದು: ರಾಜ್ಯದ ತೆರಿಗೆ ಶೇಕಡಾವಾರು ಇರದೆ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾಗಬೇಕು, ಅದನ್ನು ಬದಲಾಯಿಸುವ ಮಾತು ವಿಧಾನಸಭೆಯಲ್ಲಿ ಬರಬೇಕು, ರಾತ್ರಿಯ ಅಧಿಸೂಚನೆಯಲ್ಲಲ್ಲ. ಮೂರನೆಯದು: ಕೇಂದ್ರವು ಡೀಸೆಲ್ಲಿನ ಸೆಸ್ಸು ಮತ್ತು ಹೆಚ್ಚುವರಿ ಸುಂಕಗಳನ್ನು ಮೂಲ ಸುಂಕದಲ್ಲಿ ಸೇರಿಸಿ ರಾಜ್ಯಗಳಿಗೆ ಅವುಗಳ ಪಾಲು ಕೊಡಬೇಕು.

ನಾಲ್ಕನೆಯದು ಸರಕಾರಕ್ಕಲ್ಲ, ನಮ್ಮ ಓದುಗರಾದ ವ್ಯಾಪಾರಿ ಬಂಧುಗಳಿಗೆ. ಸರಕು ಹೇರಿಸುವವರು ನೀವು. ಡೀಸೆಲ್ ಬೆಲೆ ಏರಿದ ದಿನ ಹಳೆಯ ಬಾಡಿಗೆಗೇ ಒಪ್ಪುವವನನ್ನು ಹುಡುಕಿದಾಗ ಸರಕಾರದ ತೆರಿಗೆಯನ್ನು ಬಡವನ ಮೇಲೆ ಹೇರುವ ಕೆಲಸದಲ್ಲಿ ನೀವೂ ಕೈಗೂಡಿಸಿದಂತಾಯಿತು. ಮಾರುಕಟ್ಟೆಯ ವರ್ತಕರೂ ಲಾರಿಯವರೂ ಕೂಡಿ ಕುಳಿತು, ಡೀಸೆಲ್ಲಿಗೆ ಲೀಟರಿಗೆ ಒಂದು ರೂಪಾಯಿ ಏರಿದರೆ ಬಾಡಿಗೆಗೆ ಇಷ್ಟು, ಇಳಿದರೆ ಇಷ್ಟು ಎಂದು ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು. ಕಿಲೋಗೆ ಪೈಸೆಗಳ ಮಾತು ಇದು. ಇಂದು ಆ ಪೈಸೆ ಉಳಿಸಿದರೆ ನಾಳೆ ದೊಡ್ಡ ಕಂಪೆನಿ ಕೇಳಿದಷ್ಟು ರೂಪಾಯಿ ತೆರಬೇಕಾದೀತು.

2025ರ ಏಪ್ರಿಲ್ 14ರ ನಡುರಾತ್ರಿಯಿಂದ ರಾಜ್ಯದ ಲಾರಿಗಳು ನಿಂತವು. ಡೀಸೆಲ್ ತೆರಿಗೆ ಇಳಿಸಿ, ಟೋಲು ತೆಗೆಯಿರಿ, ಗಡಿಯ ಚೆಕ್‌ಪೋಸ್ಟು ಎತ್ತಿರಿ ಎಂಬ ಬೇಡಿಕೆಗಳು ನ್ಯಾಯವಾದುವೇ. ಆದರೆ ಮುಷ್ಕರದ ಬಾವುಟ ಒಂದೇ ಆದರೂ ಅದರ ಕೆಳಗೆ ನಿಂತವರ ಹೊಟ್ಟೆ ಒಂದೇ ಅಲ್ಲ. ನೂರು ಲಾರಿಯವನು ಒಂದು ವಾರ ಗಾಡಿ ನಿಲ್ಲಿಸಬಲ್ಲ. ಒಂಟಿ ಲಾರಿಯವನ ಮನೆಯಲ್ಲಿ ಮೂರನೆಯ ದಿನಕ್ಕೆ ಒಲೆ ಆರುತ್ತದೆ. ಮಾತುಕತೆಯ ಮೇಜಿನ ಮುಂದೆ ಕೂರುವವನು ಮೊದಲಿನವನು. ಹೀಗಿರುವ ತನಕ ಎರಡನೆಯವನ ಬೇಡಿಕೆ ಪಟ್ಟಿಯ ತಳದಲ್ಲೇ ಉಳಿಯುತ್ತದೆ.

ಆದಕಾರಣ ಸ್ವಂತ ಗಾಡಿ ಓಡಿಸುವವರು ತಮ್ಮದೇ ಸಂಘ ಕಟ್ಟಿಕೊಳ್ಳಬೇಕು. ಹಮಾಲರ ಸಂಘ, ಗಿರಣಿ ಕಾರ್ಮಿಕರ ಸಂಘ, ಕ್ಲೀನರುಗಳು, ಇವರೊಡನೆ ಅದು ಹೆಗಲು ಕೂಡಿಸಬೇಕು. ಬ್ರೋಕರಿನ ಬಾಗಿಲಿಗೆ ಹೋಗದೆ ಲೋಡು ಹಿಡಿಯುವ ಸಹಕಾರ ಸಂಘವೊಂದನ್ನು ಆರಂಭಿಸುವ ಯೋಚನೆ ಮಾಡಬೇಕು. ಗಿರಣಿಯ ಕಾರ್ಮಿಕರು ಇವನನ್ನು ಮಾಲಿಕನೆಂದು ದೂರವಿಡಬಾರದು. ಇವನು ಚೀಲ ಹೊರುವ ಬದಲು ಚೀಲ ಹೊತ್ತ ಗಾಡಿಯನ್ನು ಓಡಿಸುತ್ತಾನೆ, ವ್ಯತ್ಯಾಸ ಅಷ್ಟೇ. ತೆರಿಗೆ ಬೇಡ ಎಂದು ಹೇಳುವವರು ನಾವಲ್ಲ. ರಸ್ತೆ ಬೇಕು, ಆಸ್ಪತ್ರೆ ಬೇಕು, ಶಾಲೆ ಬೇಕು. ಅದಕ್ಕೆ ತೆರಿಗೆಯೂ ಬೇಕು. ಅದನ್ನು ಹೊರುವ ಶಕ್ತಿಯುಳ್ಳವನು ಹೊರಲಿ. ಈಗಾಗಲೇ ಬೆನ್ನು ಬಾಗಿದವನ ಮೇಲೆ ಮತ್ತೆ ಮತ್ತೆ ಹೇರುವ ಸರಕಾರ, ಅದು ದಿಲ್ಲಿಯದಿರಲಿ ಬೆಂಗಳೂರಿನದಿರಲಿ, ಜನರ ಸರಕಾರವೆನಿಸಿಕೊಳ್ಳಲಾರದು.